ಎಣ್ಣೆಗಾಯಿಗೆ ನಾಲ್ಕೂವರೆ ಸ್ಟಾರ್, ಬಿಲ್ಲಿಗೆ ಎರಡು

ಮೊದಲೇ ಹೇಳಿಬಿಡ್ತೀನಿ, ಊಟ ಚೆನ್ನಾಗಿದೆ. ನನ್ನ ತಕರಾರು ಬಿಲ್ಲಿಗೆ ತಾವಾಗಿಯೇ ಸೇರಿಸೋ ಸರ್ವಿಸ್ ಚಾರ್ಜ್ ಬಗ್ಗೆ. ಕಲಬುರಗಿಯ ಬಿಸಿಲಲ್ಲಿ ಮನೆಮಂದಿಯನ್ನೆಲ್ಲ ಕರ್ಕೊಂಡು ಹೋಗಿ, ಎಸಿ ಹಾಲ್‌ನಲ್ಲಿ ಕೂತು ಬಿಸಿ ಜೋಳದ ರೊಟ್ಟಿ ತಿನ್ನಬೇಕು ಅನ್ನೋರಿಗೆ ಈ ಹೋಟೆಲ್ ಸರಿಯಾದ ಜಾಗ. ಸೇಡಂ ರೋಡ್ ಕಡೆ ಇದೆ. ಹೆಸರು ಮಾತ್ರ ಬರೆಯೋದಿಲ್ಲ. ಬರೆದರೆ ನಾಳೆ ಮಾಲೀಕರು ನಮಗೆ ಸಪ್ಲೈ ಮಾಡಿದ ಹುಡುಗನನ್ನು ಕರೆದು ಬೈತಾರೆ. ಅವನ ತಪ್ಪು ಇದರಲ್ಲಿ ಏನೂ ಇಲ್ಲ.

ನಾನು ಕಪನೂರಿನ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕಪತ್ರ ನೋಡ್ಕೊಳ್ತೀನಿ. ಬೆಳಗ್ಗೆಯಿಂದ ಸಂಜೆವರೆಗೆ ಬಿಲ್ಲು, ವೇ ಬ್ರಿಜ್ ಚೀಟಿ, ಗಂಜ್ ಮಾರುಕಟ್ಟೆಯಿಂದ ಬರೋ ಅಡತಿ ಪಟ್ಟಿ. ಹಾಗಾಗಿ ಊಟಕ್ಕೆ ಹೋದರೂ ಬಿಲ್ಲನ್ನು ಮೇಲಿಂದ ಕೆಳಗೆ ಓದದೆ ದುಡ್ಡು ಕೊಟ್ಟು ಅಭ್ಯಾಸ ಇಲ್ಲ. ನಮ್ಮ ಮನೆಯವರಿಗೆ ಇದು ಒಂದು ಕಿರಿಕಿರಿ. ನಮ್ಮ ಅತ್ತೆಗೆ ಮಾತ್ರ ಖುಷಿ.

ಊಟದ ವಿಷಯ ಮುಗಿಸಿಬಿಡೋಣ. ಅಲ್ಲ, ಮುಗಿಸೋಕೆ ಮನಸ್ಸು ಬರ್ತಿಲ್ಲ, ಸ್ವಲ್ಪ ಜಾಸ್ತಿನೇ ಬರೀತೀನಿ.

ಹಾಲ್‌ನ ಒಂದು ಮೂಲೆಯಲ್ಲಿ ಗಾಜಿನ ಹಿಂದೆ ಇಬ್ಬರು ಹೆಂಗಸರು ರೊಟ್ಟಿ ಬಡೀತಾ ಇರ್ತಾರೆ. ಒಬ್ಬರು ವಯಸ್ಸಾದವರು, ಇನ್ನೊಬ್ಬರು ಮೂವತ್ತರ ಆಸುಪಾಸು. ಹಿಟ್ಟಿಗೆ ಎಸರು ಹಾಕಿ ನಾದೋದು, ಅಂಗೈಯಲ್ಲಿ ತಟ್ಟಿ ಹಂಚಿಗೆ ಹಾಕೋದು, ಮೇಲೆ ನೀರು ಸವರೋದು, ಎಲ್ಲ ಕಣ್ಣೆದುರೇ. ಕೆಲವು ಹೋಟೆಲುಗಳಲ್ಲಿ ಬೆಳಗ್ಗೆ ಮಾಡಿಟ್ಟ ರೊಟ್ಟಿಯನ್ನೇ ಮಧ್ಯಾಹ್ನ ಬೆಚ್ಚಗೆ ಮಾಡಿ 'ಬಿಸಿ ರೊಟ್ಟಿ' ಅಂತ ಕೊಡ್ತಾರೆ. ಅಂಚು ಮುರಿದು ನೋಡಿದರೆ ಗೊತ್ತಾಗಿಬಿಡುತ್ತೆ. ಇಲ್ಲಿ ಹಾಗಿಲ್ಲ. ರೊಟ್ಟಿ ತಟ್ಟೆಗೆ ಬಿದ್ದಾಗ ಒಳಗಿನ ಹಬೆ ಇನ್ನೂ ಆಡ್ತಾ ಇತ್ತು. ಖಡಕ್ ರೊಟ್ಟಿ ಬೇಕು ಅಂದರೂ ಕೊಡ್ತಾರೆ. ನಮ್ಮ ಮನೆಯವರು ಅದನ್ನೇ ತಗೊಂಡ್ರು.

ಎಣ್ಣೆಗಾಯಿಗೆ ಸಣ್ಣ ಬದನೆಕಾಯಿ ಆರಿಸಿ ಹಾಕಿದ್ದಾರೆ, ಬೀಜ ಬಲಿತಿಲ್ಲ. ಒಳಗೆ ತುಂಬಿದ ಮಸಾಲೆಯಲ್ಲಿ ಶೇಂಗಾ ಇದೆ, ಗುರೆಳ್ಳು ಇದೆ, ಹುಣಸೆ ಬೆಲ್ಲ ಎರಡೂ ಅಳತೆಯಲ್ಲಿವೆ. ಗುರೆಳ್ಳು ಹಾಕದೆ ಬರೀ ಶೇಂಗಾ ಪುಡಿಯಲ್ಲಿ ತೇಲಿಸೋ ಎಣ್ಣೆಗಾಯಿ ತಿಂದು ಬೇಜಾರಾಗಿದ್ದ ನಮ್ಮ ಅತ್ತೆ, ಮೊದಲ ತುತ್ತಿಗೇ ತಲೆ ಆಡಿಸಿದರು. ಪುಂಡಿ ಪಲ್ಯದಲ್ಲಿ ಜೋಳದ ನುಚ್ಚು ಬಿದ್ದಿತ್ತು, ಬೆಳ್ಳುಳ್ಳಿ ಒಗ್ಗರಣೆ ಧಾರಾಳ. ಉದುರು ಬೇಳೆ ಬಗ್ಗೆ ನಾನು ಪಕ್ಷಪಾತ ಇಲ್ಲದೆ ಮಾತಾಡೋಕೆ ಆಗಲ್ಲ, ತೊಗರಿ ನನ್ನ ಅನ್ನ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಗುರುತು, ಬಂದಿದೆ. ಆದರೆ ಟ್ಯಾಗ್ ಬಂದ ಊರಲ್ಲೇ ಹೊರಗಿನ ಸಪ್ಪೆ ಬೇಳೆ ಬೇಯಿಸಿ ಹಾಕೋ ಹೋಟೆಲುಗಳೂ ಇವೆ. ಇಲ್ಲಿಯದು ನಮ್ಮದೇ ಬೇಳೆ. ಬಾಯಲ್ಲಿ ಗೊತ್ತಾಗುತ್ತೆ.

ಶೇಂಗಾ ಹಿಂಡಿ, ಅಗಸಿ ಹಿಂಡಿ (ನಮ್ಮ ಕಡೆ ಚಟ್ನಿಪುಡಿಗೆ ಹಿಂಡಿ ಅಂತೀವಿ), ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು, ಎಲ್ಲ ಬಂದವು. ಹಿಂಡಿ ಎರಡನೇ ಸಲ ಕೇಳಿದರೆ ಮುಖ ಸಣ್ಣ ಮಾಡಲಿಲ್ಲ. ಮಗ ಸೆಕೆಂಡ್ ಪಿಯುಸಿ, ಅವನಿಗೆ ರೊಟ್ಟಿ ಊಟ ಬೇಡ, ಪನೀರ್ ಬಟರ್ ಮಸಾಲಾ ಬೇಕು. ಪನೀರ್ ಸಿಹಿ ಜಾಸ್ತಿ ಇತ್ತು. ಗೋಬಿ ಮಂಚೂರಿ ಎಲ್ಲ ಕಡೆ ಇರೋ ಹಾಗೇ ಇತ್ತು. ಇಲ್ಲಿಗೆ ಬಂದು ಅವೆರಡನ್ನು ತಿನ್ನೋದು ದಂಡ.

ಸರ್ವಿಸ್ ಬಗ್ಗೆಯೂ ದೂರಿಲ್ಲ. ಕೂತ ತಕ್ಷಣ ಹುಡುಗ ಎರಡು ಬಾಟ್ಲಿ ನೀರು ತಂದು ಟೇಬಲ್ ಮೇಲೆ ಇಟ್ಟ. ಕೇಳಿರಲಿಲ್ಲ.

"ಸಾದಾ ನೀರು ಇಲ್ಲೇನು ತಮ್ಮಾ?" ಅಂದೆ.

"ಅದಾವ್ರಿ ಅಕ್ಕೋರೆ, ಫಿಲ್ಟರ್ ನೀರು ಅದಾವ. ತರ್ತೀನ್ರಿ" ಅಂದವನೇ ಬಾಟ್ಲಿ ಎತ್ಕೊಂಡು ಹೋದ. ವಾದ ಇಲ್ಲ, ಮುಖ ಗಂಟು ಹಾಕೋದಿಲ್ಲ. ಅತ್ತೆಗೆ ರೊಟ್ಟಿ ಮುರಿಯೋಕೆ ಕಷ್ಟ ಆಗೋದನ್ನ ನೋಡಿ, ಹೇಳದೇನೇ ಮೆತ್ತಗಿನ ರೊಟ್ಟಿ ಆರಿಸಿ ತಂದ. "ಅಮ್ಮಾ, ಇದು ಈಗ ಇಳಸ್ಯಾರ ನೋಡ್ರಿ, ಇದನ್ನ ತಗೋರಿ" ಅಂದ. ಇಂಥ ಹುಡುಗನಿಗೆ ಏನಾದರೂ ಕೊಡಬೇಕು ಅಂತ ನಾನು ಆಗಲೇ ಪರ್ಸ್‌ನಲ್ಲಿ ನೂರರ ನೋಟು ಬೇರೆ ಇಟ್ಟಿದ್ದೆ.

ಆಮೇಲೆ ಬಿಲ್ ಬಂತು.

ಬಡೇಸೋಪು, ಕಲ್ಲುಸಕ್ಕರೆ ಇಟ್ಟ ಸಣ್ಣ ಸ್ಟೀಲ್ ತಟ್ಟೆ. ಅದರ ಅಡಿಗೆ ಮಡಚಿಟ್ಟ ಬಿಲ್ಲು. ರೊಟ್ಟಿ ಊಟ ಮೂರು, 720. ಪನೀರ್ 290. ಬಟರ್ ನಾನ್ ಮೂರು, 180. ಗೋಬಿ 210. ಜೀರಾ ರೈಸ್ 180. ಮಸಾಲಾ ಮಜ್ಜಿಗೆ ಮೂರು, 150. ಜಾಮೂನ್ 110. ಕೂಡಿದರೆ 1,840, ಸರಿಯಾಗಿದೆ. ಅದರ ಕೆಳಗೆ 'ಎಸ್‌.ಸಿ. 7.5%' ಅಂತ ಒಂದು ಸಾಲು, ಅಂದರೆ ಸರ್ವಿಸ್ ಚಾರ್ಜ್, ಮುಂದೆ 138. ಆಮೇಲೆ ಸಿಜಿಎಸ್‌ಟಿ 49.45, ಎಸ್‌ಜಿಎಸ್‌ಟಿ 49.45. ಹತ್ತು ಪೈಸೆ ರೌಂಡ್ ಆಫ್ ಮಾಡಿ ಒಟ್ಟು 2,077.

ಅದೂ ಮುಗಿದು, ಜಿಎಸ್‌ಟಿ ನಂಬರ್ ಮುಗಿದು, 'ಥ್ಯಾಂಕ್ ಯು, ವಿಸಿಟ್ ಅಗೇನ್' ಮುಗಿದ ಮೇಲೆ, ಕಾಗದ ಹರಿಯೋ ಅಂಚಿಗೆ ತಾಗಿದ ಹಾಗೆ ಸಣ್ಣ ಅಕ್ಷರದ ಇನ್ನೊಂದು ಸಾಲು ಇತ್ತು. ಇಂಗ್ಲಿಷಿನಲ್ಲಿ. ಸರ್ವಿಸ್ ಚಾರ್ಜ್ ಡಿಸ್ಕ್ರೀಷನರಿ, ಅಂದರೆ ಕೊಡೋದು ಬಿಡೋದು ನಿಮ್ಮ ಮರ್ಜಿ.

ಇಂಕು ಮಾಸಿತ್ತು. ಕನ್ನಡಕ ಮೇಲೆ ಸರಿಸಿ ಓದಬೇಕಾಯ್ತು. ಮೆನು ಕಾರ್ಡ್ ಇನ್ನೂ ಟೇಬಲ್ ಮೇಲೇ ಇತ್ತು. ತಿರುಗಿಸಿ ನೋಡಿದೆ. ಐಸ್‌ಕ್ರೀಮ್ ಪುಟದ ಕೆಳಗೆ, ಅಲ್ಲೂ ಇಂಗ್ಲಿಷಿನಲ್ಲೇ, 7.5% ಸರ್ವಿಸ್ ಚಾರ್ಜ್ ಅನ್ವಯಿಸುತ್ತೆ ಅಂತಿದೆ. ಮರ್ಜಿ ಅನ್ನೋ ಮಾತೇ ಅಲ್ಲಿಲ್ಲ. ಆರ್ಡರ್ ಮಾಡೋವಾಗ ಕೊಡಲೇಬೇಕು, ತಿಂದು ಮುಗಿದ ಮೇಲೆ ನಿಮ್ಮ ಮರ್ಜಿ. ಮೆನುವಿನಲ್ಲಿ ಬದನೆಕಾಯಿ, ಪುಂಡಿ ಪಲ್ಯ ಎಲ್ಲದರ ಹೆಸರು ಕನ್ನಡದಲ್ಲೂ ಇದೆ. ದುಡ್ಡಿನ ಈ ಒಂದು ಸಾಲಿಗೆ ಮಾತ್ರ ಕನ್ನಡ ಸಿಕ್ಕಿಲ್ಲ.

ಅತ್ತೆ ಕೇಳಿದರು, "ಏನಂತ ಬರ್ದಾರ?" ಹೇಳಿದೆ. "ನಮ್ಮ ಮರ್ಜಿ ಅಂದಮ್ಯಾಲ ಅವರ‍್ಯಾಕ ಲೆಕ್ಕ ಹಾಕ್ಯಾರ?" ಅಂದರು. ಎಪ್ಪತ್ತು ದಾಟಿದ, ಶಾಲೆ ಕಾಣದ ಹೆಂಗಸು ಕೇಳಿದ ಈ ಪ್ರಶ್ನೆಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದವರಾಗಲಿ ಮ್ಯಾನೇಜರ್ ಆಗಲಿ ಸರಿಯಾದ ಉತ್ತರ ಕೊಡಲಾರರು.

ಇಲ್ಲಿ ಸ್ವಲ್ಪ ಲೆಕ್ಕ ನೋಡಿ. 138 ರೂಪಾಯಿ ಸೇರಿಸಿದ್ದಷ್ಟೇ ಅಲ್ಲ, ಅದನ್ನೂ ಸೇರಿಸಿದ ಮೊತ್ತದ ಮೇಲೆ 5% ಜಿಎಸ್‌ಟಿ ಹಾಕಿದ್ದಾರೆ. ಅಂದರೆ ನನ್ನ 'ಮರ್ಜಿ'ಯ ಮೇಲೆ 6 ರೂಪಾಯಿ 90 ಪೈಸೆ ತೆರಿಗೆ. ಸರ್ವಿಸ್ ಚಾರ್ಜ್ ಇಲ್ಲದಿದ್ದರೆ ಬಿಲ್ 1,932 ಆಗಬೇಕಿತ್ತು. ವ್ಯತ್ಯಾಸ 145. ಅದೇ ದುಡ್ಡನ್ನು ಹುಡುಗನ ಕೈಗೆ ಕೊಟ್ಟಿದ್ದರೆ ಅದರ ಮೇಲೆ ಯಾವ ಜಿಎಸ್‌ಟಿಯೂ ಇಲ್ಲ.

ಬಹಳ ಜನ ಸರ್ವಿಸ್ ಚಾರ್ಜ್, ತೆರಿಗೆ ಎರಡನ್ನೂ ಒಂದೇ ಅಂದ್ಕೊಳ್ತಾರೆ. ಬಿಲ್ಲಿನಲ್ಲಿ ಒಂದರ ಕೆಳಗೆ ಒಂದು ಬಂದರೆ ಸರ್ವಿಸ್ ಚಾರ್ಜ್ ಕೂಡ ಸರ್ಕಾರದ್ದೇ ಅನ್ನಿಸಿಬಿಡುತ್ತೆ. ಅಲ್ಲ. ಜಿಎಸ್‌ಟಿ ಸರ್ಕಾರಕ್ಕೆ ಹೋಗುತ್ತೆ, ಅದನ್ನು ಬೇಡ ಅನ್ನೋಕೆ ನಮಗೆ ಅಧಿಕಾರ ಇಲ್ಲ. ಸರ್ವಿಸ್ ಚಾರ್ಜ್ ಹೋಟೆಲಿನ ಗಲ್ಲಾಪೆಟ್ಟಿಗೆಗೆ ಹೋಗುತ್ತೆ, ಅದನ್ನು ಬೇಡ ಅನ್ನಬಹುದು. ಇನ್ನೊಂದು ವಿಷಯ, ಕಾಂಪೋಸಿಷನ್ ಸ್ಕೀಮ್‌ನಲ್ಲಿರೋ ಸಣ್ಣ ಹೋಟೆಲಿನವರು (ವಹಿವಾಟಿನ ಮೇಲೆ ಕಮ್ಮಿ ದರದಲ್ಲಿ ತಾವೇ ತೆರಿಗೆ ಕಟ್ಟೋರು) ಗ್ರಾಹಕರಿಂದ ಜಿಎಸ್‌ಟಿಯನ್ನೂ ಬೇರೆಯಾಗಿ ವಸೂಲಿ ಮಾಡೋ ಹಾಗಿಲ್ಲ. ಅದು ಬೇರೆ ಕಥೆ, ಇನ್ನೊಂದು ಸಲ ಬರೀತೀನಿ.

ಹುಡುಗನನ್ನು ಕರೆದು, "ತಮ್ಮಾ, ಈ 138 ತೆಗೀಲಿಕ್ಕೆ ಹೇಳು" ಅಂದೆ.

ಅವನು ಬಿಲ್ ನೋಡಿದ, ನನ್ನ ನೋಡಿದ, ಆಮೇಲೆ ಕೌಂಟರ್ ಕಡೆ ನೋಡಿದ. "ಅದು ಎಲ್ಲಾರ‍್ಗೂ ಬರ್ತದ್ರಿ ಅಕ್ಕೋರೆ. ಕಂಪ್ಯೂಟರ್‌ದಾಗ ತಾನೇ ಬರ್ತದ."

ನಮ್ಮ ಮನೆಯವರು ಮೆಲ್ಲಗೆ, "ಬಿಡ ಈಗ, ಎಲ್ಲಾರೂ ನೋಡ್ಲಕತ್ತಾರ" ಅಂದರು.

ನನ್ನ ತಕರಾರು ಇರೋದೇ ಇಲ್ಲಿ. ಈ ಸರ್ವಿಸ್ ಚಾರ್ಜ್ ನಿಂತಿರೋದು 7.5% ಮೇಲೆ ಅಲ್ಲ, 'ಎಲ್ಲಾರೂ ನೋಡ್ಲಕತ್ತಾರ' ಅನ್ನೋದರ ಮೇಲೆ. ಬೀಗರನ್ನು ಊಟಕ್ಕೆ ಕರ್ಕೊಂಡು ಬಂದವರು, ಆಫೀಸಿನ ಸಾಹೇಬರ ಜೊತೆ ಬಂದವರು, ಹುಡುಗಿ ನೋಡೋಕೆ ಬಂದವರ ಜೊತೆ ಕೂತವರು, ಇವರಲ್ಲಿ ಯಾರು ನೂರಾ ಮೂವತ್ತೆಂಟು ರೂಪಾಯಿಗೆ ಮ್ಯಾನೇಜರನ್ನು ಕರೀತಾರೆ ಹೇಳಿ? ಮರ್ಯಾದೆ ಪ್ರಶ್ನೆ. ಕೊಟ್ಟು ಎದ್ದು ಹೋಗ್ತಾರೆ. ಕೊಡೋದಿಲ್ಲ ಅನ್ನೋಕೆ ಬಾಯಿ ಬಿಡಬೇಕು, ಕೊಡೋಕೆ ಸುಮ್ನೆ ಕೂತರೆ ಸಾಕು. ಹೀಗೆ ಇಟ್ಟ ಮೇಲೆ ಅದನ್ನು ಗ್ರಾಹಕರ ಇಷ್ಟ ಅಂತ ಕರೆಯೋದು ಹೇಗೆ?

ಮ್ಯಾನೇಜರ್ ಬಂದರು. ಮರ್ಯಾದೆಯಿಂದಲೇ ಮಾತಾಡಿದರು, ಅದನ್ನೂ ಬರೀಬೇಕು. "ಮೇಡಂ, ಅದು ನಮಗ ಬರೋದಲ್ರಿ. ಹುಡುಗರಿಗೇ ಹೋಗ್ತದ. ನೀವು ಟಿಪ್ಸ್ ಕೊಟ್ರ ಸಪ್ಲೈ ಮಾಡಿದವ ಒಬ್ಬವನಿಗೇ ಸಿಗ್ತದ. ರೊಟ್ಟಿ ಬಡಿಯೋರಿಗೆ, ಭಾಂಡೆ ತಿಕ್ಕೋರಿಗೆ ಏನ್ ಸಿಗ್ತದ ಹೇಳ್ರಿ? ಇದರಾಗ ಎಲ್ಲಾರ‍್ಗೂ ಪಾಲು ಅದ."

ಈ ಮಾತು ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಯಾಕಂದರೆ ಮಾತಿನಲ್ಲಿ ನ್ಯಾಯ ಇದೆ. ಊಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ರೊಟ್ಟಿ. ಅದನ್ನು ಬಡಿದವರು ಗಾಜಿನ ಹಿಂದೆ ಇದ್ದಾರೆ, ಟಿಪ್ಸ್ ಇಡೋ ತಟ್ಟೆ ಅವರ ತನಕ ಹೋಗೋದೇ ಇಲ್ಲ. ಖಾನಾವಳಿಗಳಲ್ಲೂ ಅಷ್ಟೇ. ಬಡೇಸೋಪಿನ ತಟ್ಟೆಯಲ್ಲಿ ಬಿಟ್ಟ ಹತ್ತು ಇಪ್ಪತ್ತು ರೂಪಾಯಿ ಮುಂದೆ ಓಡಾಡೋರಿಗೆ ಸಿಗುತ್ತೆ, ಒಲೆ ಮುಂದೆ ಬೇಯೋರಿಗೆ ಇಲ್ಲ.

"ಹೌದೇನ್ರಿ? ಹೆಂಗ ಹಂಚ್ತೀರಿ?" ಅಂತ ಕೇಳಿದೆ.

"ತಿಂಗಳ ಕೊನೀಗೆ ಮಾಲಕರು ನೋಡಿ ಕೊಡ್ತಾರ್ರಿ."

"ಯಾರಿಗೆ ಎಷ್ಟು ಅಂತ ಎಲ್ಲರೆ ಬರ್ದಿರ‍್ತದೇನು?"

ಅದಕ್ಕೆ ಉತ್ತರ ಬರಲಿಲ್ಲ. ಅಂದರೆ ಮರ್ಜಿ ಇರೋದು ನಿಜ, ಅದು ಮಾಲೀಕರದ್ದು.

ನಮ್ಮ ಮಿಲ್‌ನಲ್ಲೂ ಇಂಥದ್ದೇ ಮಾತು ದೀಪಾವಳಿ ಹೊತ್ತಿಗೆ ಬರುತ್ತೆ. ಬೋನಸ್ ಅಂದರೆ ಸಾಹುಕಾರರು ಖುಷಿಯಿಂದ ಕೊಡೋದು ಅಂತ ಹೊಸದಾಗಿ ಸೇರಿದ ಹುಡುಗರು ಅಂದ್ಕೊಂಡಿರ್ತಾರೆ. ಬೋನಸ್ ಕಾನೂನಿಗೆ ಒಳಪಡೋ ಕಡೆ ಕನಿಷ್ಠ 8.33% ಕೊಡಲೇಬೇಕು, ಅದು ಯಾರ ಖುಷಿಯೂ ಅಲ್ಲ. ಅದರ ಮೇಲೆ ಕೊಡೋ ಸ್ವೀಟ್ ಬಾಕ್ಸ್, ಸೀರೆ, ಲಕೋಟೆಯಲ್ಲಿ ಹಾಕಿದ ಐನೂರು, ಅದು ಸಾಹುಕಾರರ ಖುಷಿ. ಲೆಕ್ಕ ಬರೆಯುವಾಗ ಎರಡಕ್ಕೂ ಬೇರೆ ಬೇರೆ ಖಾತೆ. ಹಮಾಲಿಯೂ ಅಷ್ಟೇ. ಚೀಲಕ್ಕೆ ಇಷ್ಟು ಅಂತ ದರ ಇದೆ, ಕೊಡಲೇಬೇಕು. ಲೋಡ್ ಮುಗಿದ ಮೇಲೆ "ಚಾಕ್ಕ ಏನರೆ ಕೊಡ್ರಿ ಅಕ್ಕೋರೆ" ಅಂದರೆ ಆ ಚಹಾದ ದುಡ್ಡು ನನ್ನ ಕೈಯಲ್ಲಿರೋದು. ಚಹಾದ ದುಡ್ಡನ್ನು ತಂದು ಹಮಾಲಿ ಖಾತೆಗೆ ಸೇರಿಸಿದರೆ ಆಡಿಟರ್ ಬಿಡ್ತಾರಾ? ಹೋಟೆಲಿನವರು ಮಾಡಿರೋದು ಅದನ್ನೇ.

ಇನ್ನು ಕಾನೂನು. ಇದು ನನ್ನ ವಾದ ಮಾತ್ರ ಅಲ್ಲ ಅಂತ ಹೇಳೋಕೆ ಬರೀತಿದ್ದೀನಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು, ರೆಸ್ಟೋರೆಂಟುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ. ಬೇರೆ ಹೆಸರಿಟ್ಟೂ ವಸೂಲಿ ಮಾಡೋ ಹಾಗಿಲ್ಲ. ಅದು ಐಚ್ಛಿಕ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು. ಕೊಡೋದಿಲ್ಲ ಅಂದವರನ್ನು ಒಳಗೆ ಬಿಡಲ್ಲ ಅನ್ನೋ ಹಾಗಿಲ್ಲ. ಊಟದ ಬಿಲ್ಲಿಗೆ ಕೂಡಿಸಿ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕೋ ಹಾಗೂ ಇಲ್ಲ. ನನ್ನ ಆ 6 ರೂಪಾಯಿ 90 ಪೈಸೆ ಬಂದದ್ದು ಇದನ್ನು ಮೀರಿದ್ದರಿಂದಲೇ.

ಹೋಟೆಲಿನವರ ಎರಡು ದೊಡ್ಡ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. ಅದೇ ತಿಂಗಳು ತಡೆ ಸಿಕ್ಕಿತು. ಆಗಿನಿಂದ ಸುಮಾರು ಮೂರು ವರ್ಷ ಎಲ್ಲರೂ ತಮಗೆ ಬೇಕಾದ ಹಾಗೆ ನಡ್ಕೊಂಡ್ರು. 2025ರ ಮಾರ್ಚ್ 28ಕ್ಕೆ ಕೋರ್ಟು ಆ ಅರ್ಜಿಗಳನ್ನು ವಜಾ ಮಾಡಿ, ಮಾರ್ಗಸೂಚಿ ಸರಿ ಇದೆ ಅಂದಿತು. ಎರಡೂ ಸಂಘಗಳಿಗೆ ಒಂದೊಂದು ಲಕ್ಷ ರೂಪಾಯಿ ಖರ್ಚು ಬೇರೆ ಹಾಕಿತು. ಅದರ ಮೇಲೆ ಮೇಲ್ಮನವಿ ಹೋಗಿದೆ. ಟಿಪ್ಸ್ ಕೊಡಬೇಡಿ ಅಂತ ಕೋರ್ಟೂ ಹೇಳಿಲ್ಲ, ಪ್ರಾಧಿಕಾರವೂ ಹೇಳಿಲ್ಲ. ಕೊಡೋರು ತಾವಾಗಿ ಕೊಡಲಿ, ಬಿಲ್ಲಿಗೆ ಹಾಕಿ ಕಿತ್ಕೋಬೇಡಿ, ಅಷ್ಟೇ.

ಆ 'ಡಿಸ್ಕ್ರೀಷನರಿ' ಸಾಲು ಇಲ್ಲಿ ಹುಟ್ಟಿದ್ದಲ್ಲ ಅಂತ ನನಗೆ ಅನುಮಾನ. ನನ್ನ ತಮ್ಮ ಲಂಡನ್‌ನಲ್ಲಿದ್ದಾನೆ. ಅಲ್ಲಿಯ ಹೋಟೆಲ್ ಬಿಲ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿದ್ದ, ಅದರಲ್ಲೂ ಇದೇ ಸಾಲು. ಅಲ್ಲಿ 12.5% ಹಾಕೋದು ಮಾಮೂಲು. ಬೇಡ ಅಂದರೆ ತೆಗೀತಾರೆ, ಆದರೆ ಅಲ್ಲೂ ಬಾಯಿ ಬಿಟ್ಟು ಕೇಳೋರು ಕಮ್ಮಿಯಂತೆ. ಒಂದು ವ್ಯತ್ಯಾಸ ಇದೆ. 2024ರ ಅಕ್ಟೋಬರ್ 1ರಿಂದ ಬ್ರಿಟನ್ನಿನಲ್ಲಿ ಹೊಸ ಕಾನೂನು ಜಾರಿಯಲ್ಲಿದೆ. ಟಿಪ್ಸು, ಸರ್ವಿಸ್ ಚಾರ್ಜು ಎಷ್ಟೇ ಬಂದರೂ ಮಾಲೀಕರು ತಾವು ಮುರ್ಕೊಳ್ಳದೆ ಪೂರ್ತಿ ಕೆಲಸಗಾರರಿಗೆ ಹಂಚಬೇಕು, ಮುಂದಿನ ತಿಂಗಳು ಮುಗಿಯೋದರೊಳಗೆ. ಹೇಗೆ ಹಂಚ್ತೀವಿ ಅಂತ ಬರೆದಿಡಬೇಕು, ಲೆಕ್ಕ ಇಡಬೇಕು. ನಮ್ಮವರು ಆ ದೇಶದಿಂದ ಬಿಲ್ಲಿನ ಸಾಲು ಮಾತ್ರ ತಂದ್ಕೊಂಡು ಹಂಚೋ ಪುಸ್ತಕ ಅಲ್ಲೇ ಬಿಟ್ಟು ಬಂದಿದ್ದಾರೆ.

ಇಲ್ಲೊಂದು ಅಡ್ಡ ಮಾತು. ಮೊತ್ತ ಹೇಳದೆ ಬಿಟ್ಟರೆ ಎಲ್ಲ ಸರಿಯಾಗುತ್ತೆ ಅಂತಲೂ ಅಲ್ಲ. ನಮ್ಮೂರಿನ ಆಟೋದವರಲ್ಲಿ ಕೆಲವರು ಹತ್ತೋ ಮುಂಚೆ "ನಿಮ್ಮ ಖುಷಿ ಇದ್ದಷ್ಟು ಕೊಡ್ರಿ" ಅಂತಾರೆ. ಇಳಿದು ಅರವತ್ತು ಕೊಟ್ಟರೆ ಆ ಖುಷಿ ಅವರಿಗೆ ಸಾಲೋದಿಲ್ಲ. ಬಾಡಿಗೆಗೆ ದರ ಬೇಕು, ಅಲ್ಲಿ ಖುಷಿಗೆ ಏನು ಕೆಲಸ? ನಿಜವಾದ ಖುಷಿ ನೋಡಬೇಕಾದರೆ ಶರಣಬಸವೇಶ್ವರ ಗುಡಿಗೆ ಹೋಗಬೇಕು. ದಾಸೋಹದಲ್ಲಿ ಉಂಡು ಕೈ ತೊಳ್ಕೊಂಡು ಬರ್ತೀವಿ, ಎದುರಿಗೆ ಹುಂಡಿ ಇರುತ್ತೆ. ಹತ್ತು ಹಾಕಿದ್ರಾ, ಸಾವಿರ ಹಾಕಿದ್ರಾ, ಹಾಕದೆ ಬಂದ್ರಾ, ಯಾರೂ ತಿರುಗಿ ನೋಡೋದಿಲ್ಲ. ಹೋಟೆಲಿನವರು ದಾಸೋಹ ಮಾಡಲಿ ಅಂತ ನಾನು ಹೇಳ್ತಿಲ್ಲ. ಅವರದು ವ್ಯಾಪಾರ, ಬಾಡಿಗೆ ಇದೆ, ಕರೆಂಟ್ ಬಿಲ್ ಇದೆ, ಗ್ಯಾಸ್ ಇದೆ. ಖರ್ಚು ಹೆಚ್ಚಾಗಿದ್ದರೆ ರೊಟ್ಟಿ ಊಟದ ರೇಟು 240ರಿಂದ 260 ಮಾಡಲಿ. ನೋಡಿ ಒಪ್ಪಿಗೆ ಇದ್ದರೆ ತಿಂತೀವಿ. ನಾನು ಒಪ್ಪಿ ಕೂತಿರೋದು ಮೆನುವಿನ ರೇಟಿಗೆ ತಾನೇ?

ಮುಂದೇನಾಯ್ತು ಅಂದರೆ, ಮ್ಯಾನೇಜರ್ ಬಿಲ್ ತಿದ್ದೋಕೆ ಹೋದರು. ಕಂಪ್ಯೂಟರ್ ಮಾಲೀಕರ ಪಾಸ್‌ವರ್ಡ್ ಕೇಳಿತು. ಫೋನ್ ಹೋಯ್ತು. ಮಾಲೀಕರು ಎತ್ತಲಿಲ್ಲ. ನಾವು ಕಾದೆವು. ಹಿಂದಿನ ಟೇಬಲಿಗೆ ಕಾಯ್ತಾ ನಿಂತವರು ನಮ್ಮನ್ನೇ ನೋಡ್ತಿದ್ರು. ಮಗ ಫೋನಿನಲ್ಲಿ ಮುಖ ಹುದುಗಿಸಿದ್ದ. ಗ್ರಾಹಕರ ಮರ್ಜಿ ಅಂತ ಬರೆದಿರೋ ದುಡ್ಡನ್ನು ತೆಗೆಯೋಕೆ ಮಾಲೀಕರ ಪಾಸ್‌ವರ್ಡ್ ಯಾಕೆ ಬೇಕು ಅಂತ ಯಾರಾದರೂ ನನಗೆ ತಿಳಿಸಿಕೊಟ್ಟರೆ ಉಪಕಾರ. ಕೊನೆಗೆ ಫೋನ್ ಸಿಕ್ಕಿತು, ಹೊಸ ಬಿಲ್ ಬಂತು, 1,932. ಕ್ಯುಆರ್ ಸ್ಕ್ಯಾನ್ ಮಾಡಿ ಕೊಟ್ಟೆ.

ಪರ್ಸ್‌ನಲ್ಲಿ ಬೇರೆ ಇಟ್ಟಿದ್ದ ನೂರರ ನೋಟನ್ನು ಹುಡುಗನಿಗೆ ಕೊಟ್ಟೆ. ಅವನು ತಗೊಳ್ಳೋ ಮುಂಚೆ ಮತ್ತೆ ಕೌಂಟರ್ ಕಡೆ ನೋಡಿದ. ರೊಟ್ಟಿ ಬಡಿಯೋ ಗಾಜಿನ ಹತ್ತಿರ ಹೋಗಿ ವಯಸ್ಸಾದ ಆ ಅಮ್ಮನಿಗೆ ಐವತ್ತು ಕೊಟ್ಟೆ. ಕೈಗೆಲ್ಲ ಹಿಟ್ಟು, ಸೆರಗಿನ ತುದಿಯಲ್ಲಿ ಹಿಡ್ಕೊಂಡರು.

"ಬಿಲ್ಲಿನಾಗ ಸರ್ವಿಸ್ ಅಂತ ತಗೋತಾರಲ್ಲ, ಅದರಾಗ ನಿಮಗೇನರೆ ಬರ್ತದೇನಮ್ಮಾ?" ಅಂತ ಕೇಳಿದೆ.

"ಪಗಾರ ಬರ್ತದವ್ವಾ. ಮತ್ತ ಅದೇನೋ ನನಗ ಗೊತ್ತಿಲ್ಲ" ಅಂದರು.

ನೂರೈವತ್ತು ಆಯ್ತು, ಬಿಲ್ಲಿನಲ್ಲಿ ಹಾಕಿದ್ದಕ್ಕಿಂತ ಜಾಸ್ತಿ. ಕಾರಿನಲ್ಲಿ ನಮ್ಮ ಮನೆಯವರು ಇದನ್ನೇ ಹಿಡ್ಕೊಂಡು ನಗಾಡಿದರು. ನಗಲಿ. ಆ ದುಡ್ಡು ಯಾರ ಕೈಗೆ ಹೋಯ್ತು ಅಂತ ನನಗೆ ಗೊತ್ತು.

ನೀವು ಇಂಥ ಹೋಟೆಲಿಗೆ ಹೋಗೋರಾದರೆ, ನನ್ನ ಅನುಭವದ ಮೇಲೆ ಹೇಳೋದಿಷ್ಟು. ಆರ್ಡರ್ ಕೊಡೋ ಮುಂಚೆಯೇ ಮೆನುವಿನ ಕೊನೇ ಪುಟ ನೋಡಿ, ಸರ್ವಿಸ್ ಚಾರ್ಜ್ ಹಾಕಬೇಡಿ ಅಂತ ಆಗಲೇ ಹೇಳಿಬಿಡಿ. ತಿಂದಾದ ಮೇಲೆ ಹೇಳೋದಕ್ಕಿಂತ ಅದು ಸುಲಭ, ಬೀಗರ ಮುಂದೆ ಮುಜುಗರವೂ ಇಲ್ಲ. ತೆಗೆಸಿದ ಮೇಲೆ ಜಿಎಸ್‌ಟಿ ಕೂಡ ಕಮ್ಮಿ ಆಗಿದೆಯಾ ನೋಡಿ. ಬರೀ 138 ಕಳೆದು ತೆರಿಗೆ ಹಳೇದನ್ನೇ ಬಿಟ್ಟರೆ ಒಪ್ಪಬೇಡಿ. ತೆಗೆಯೋದೇ ಇಲ್ಲ ಅಂದರೆ ಜಗಳ ಮಾಡೋದು ಬೇಡ. ಬಿಲ್ ಫೋಟೋ ತಗೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. 145 ರೂಪಾಯಿಗೆ ಆಯೋಗದ ತನಕ ಯಾರು ಹೋಗ್ತಾರೆ ಅಂತೀರಾ? ಹೋಟೆಲಿನವರೂ ಅದನ್ನೇ ನಂಬ್ಕೊಂಡಿದ್ದಾರೆ.

ಹೋಟೆಲಿನವರು ಇದನ್ನು ಓದಿದರೆ ನನ್ನದೊಂದು ಕೋರಿಕೆ. ಬಿಲ್ಲಿನಿಂದ ಆ ಸಾಲು ತೆಗೆದು, ಕೌಂಟರ್ ಪಕ್ಕ ಒಂದು ಡಬ್ಬಿ ಇಡಿ. ರೊಟ್ಟಿಯವರಿಗೆ, ಅಡುಗೆಯವರಿಗೆ, ಭಾಂಡೆ ತಿಕ್ಕೋರಿಗೆ, ಸಪ್ಲೈ ಹುಡುಗರಿಗೆ ಸಮ ಪಾಲು ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಟಿಪ್ಸ್‌ಗೆ ಬೇರೆ ಕ್ಯುಆರ್ ಇಟ್ಟರೂ ನಡೆಯುತ್ತೆ, ಈಗ ಚಿಲ್ಲರೆ ಯಾರ ಹತ್ತಿರ ಇರುತ್ತೆ? ನಾನಂತೂ ಪ್ರತಿ ಸಲ ಹಾಕ್ತೀನಿ. 7.5%ಕ್ಕಿಂತ ಜಾಸ್ತಿ ಬೀಳುತ್ತೋ ಕಮ್ಮಿ ಬೀಳುತ್ತೋ ನೀವೇ ನೋಡಿ.

ಸ್ಟಾರ್ ಕೊಡೋದಾದರೆ ರೊಟ್ಟಿ ಊಟಕ್ಕೆ ನಾಲ್ಕೂವರೆ, ಉಳಿದ ಅರ್ಧ ಕಟ್ ಮಾಡಿದ್ದು ಮಜ್ಜಿಗೆ ತೆಳ್ಳಗಿತ್ತು ಅಂತ. ಸಪ್ಲೈ ಹುಡುಗನಿಗೆ ಐದಕ್ಕೆ ಐದು. ಸ್ವಚ್ಛತೆಗೆ ನಾಲ್ಕು, ಕೈ ತೊಳೆಯೋ ಕಡೆ ಸೋಪು ಖಾಲಿಯಾಗಿತ್ತು. ಪಾರ್ಕಿಂಗ್‌ಗೆ ಮೂರು. ಬಿಲ್ಲಿಗೆ ಎರಡು, ಅದೂ ಕೇಳಿದ ಮೇಲೆ ತೆಗೆದರು ಅನ್ನೋ ಕಾರಣಕ್ಕೆ.

ಭಾನುವಾರ ಹೋಗೋರು ಹನ್ನೆರಡೂವರೆ ಒಳಗೆ ಹೋಗಿ. ಒಂದೂವರೆ ಆದಮೇಲೆ ಜಾಗ ಸಿಗೋದು ಕಷ್ಟ, ಪುಂಡಿ ಪಲ್ಯವೂ ಖಾಲಿಯಾಗಿರುತ್ತೆ.